ಕೈ ಕೊಯ್ದಾಗ ಯಾವುದು ಹಚ್ಚೋದು? ಕ್ಯಾಲೆಂಡುಲ ಟಿಂಕ್ಚರ್, ಮನೇಲಿ ಮಾಡಿದ ಅರ್ಕ, ಮುಲಾಮು, ಎಣ್ಣೆ ನಾಲ್ಕೂ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡ್ತೀನಿ, ನನಗೆ ಒಗ್ಗಿದ್ದು ಹೋಮಿಯೋಪತಿ ಅಂಗಡೀಲಿ ಸಿಗೋ ಕ್ಯಾಲೆಂಡುಲ ಮದರ್ ಟಿಂಕ್ಚರ್, ಅಂದ್ರೆ ಕ್ಯಾಲೆಂಡುಲ ಅನ್ನೋ ಔಷಧಿ ಹೂವಿನ ಸಾರ ಇಳಿಸಿದ ಆಲ್ಕೊಹಾಲ್, ಅದೂ ನೀರು ಬೆರೆಸಿ. ಉಳಿದ ಮೂರನ್ನೂ ದುಡ್ಡು ಕೊಟ್ಟು, ಟೈಮ್ ಕೊಟ್ಟು, ಒಂದರಿಂದಂತೂ ಕೈ ಸುಟ್ಕೊಂಡ ಹಾಗಾಗಿ, ಆಮೇಲೆ ಇದಕ್ಕೆ ಬಂದು ನಿಂತಿದ್ದೀನಿ.

ನಾನು ಪುಣೆಯ ಚಿಂಚವಾಡದಲ್ಲಿ ಮನೆಯಿಂದಲೇ ಜೋಳದ ರೊಟ್ಟಿ ಮಾಡಿ ಕೊಡ್ತೀನಿ, ನಮ್ಮ ಕಡೆಯಿಂದ ಬಂದು ಇಲ್ಲಿ ಕಂಪನಿಗಳಲ್ಲಿ ಕೆಲಸ ಮಾಡೋ ಹುಡುಗರೇ ಹೆಚ್ಚು, ದಿನಕ್ಕೆ ನೂರರ ಮೇಲೆ ರೊಟ್ಟಿ ಬಡೀಬೇಕು, ಜೊತೆಗೆ ಪಲ್ಯ. ಅಂದ್ರೆ ಕೈಗೆ ದಿನಾ ಏನಾದ್ರೂ ಒಂದು ಆಗೋದೇ. ಇಳಿಗೆಮಣೆಗೆ ಬೆರಳು ತಾಗುತ್ತೆ, ಸೊಪ್ಪು ಸೋಸುವಾಗ ಉಗುರಿನ ಬುಡ ಕೀಳುತ್ತೆ, ಬಿಸಿ ಎಸರಲ್ಲಿ ಹಿಟ್ಟು ನಾದಿ ನಾದಿ ಬೆರಳ ತುದಿ ಒಡೆಯುತ್ತೆ. ಕೈ ಕೆಟ್ರೆ ಅವತ್ತಿನ ಕೆಲಸ ನಿಂತ ಹಾಗೆ. ಅದಕ್ಕೇ ಈ ವಿಷಯ ನನಗೆ ಅಷ್ಟು ಮುಖ್ಯ.

ಶುರುವಾಗಿದ್ದು ಹೋದ ದಸರೆಗೆ. ಮಂಡಈ ಮಾರ್ಕೆಟಲ್ಲಿ ಚೆಂಡುಹೂ ಗುಡ್ಡೆ ಹಾಕಿ ಮಾರ್ತಾ ಇದ್ರು, ಹಬ್ಬಕ್ಕೆ ಅಂತ ಎರಡು ಕಿಲೋ ತಂದೆ, ಬಾಗಿಲಿಗೆ ಗಾಡಿಗೆ ಕಟ್ಟಿ ಇನ್ನೂ ಉಳಿದಿತ್ತು. ಮಾರಿಗೋಲ್ಡ್ ಟಿಂಕ್ಚರ್ ಗಾಯಕ್ಕೆ ಬಹಳ ಒಳ್ಳೇದು ಅಂತ ಎಲ್ಲೋ ಓದಿದ್ದು ತಲೇಲಿತ್ತು, ಮಾರಿಗೋಲ್ಡ್ ಅಂದ್ರೆ ಚೆಂಡುಹೂವೇ ತಾನೆ ಅಂದ್ಕೊಂಡು ಎಸಳು ಬಿಡಿಸಿ ಗಾಜಿನ ಬಾಟಲಿಗೆ ಹಾಕಿ ಮೇಲೆ ವೋಡ್ಕಾ ಸುರಿದು ಎರಡು ವಾರ ಇಟ್ಟೆ. ಬಣ್ಣ ಮಾತ್ರ ಬಂಗಾರದ ಹಾಗೆ ಬಂತು. ಮುಂಗೈಯಲ್ಲಿ ತರಚಿದ ಗಾಯ ಇತ್ತು, ಹಚ್ಕೊಂಡು ಟಿಫಿನ್ ಕೊಡೋಕೆ ಸ್ಕೂಟಿ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಹೋದೆ, ಸಂಜೆ ಹೊತ್ತಿಗೆ ಹಚ್ಚಿದ ಜಾಗ ಪೂರ್ತಿ ಕೆಂಪು, ತುರಿಕೆ, ಸಣ್ಣ ಸಣ್ಣ ಗುಳ್ಳೆ. ಅವ್ವನಿಗೆ ಫೋನ್ ಮಾಡಿದ್ರೆ, "ಚೆಂಡ್ ಹೂವ ಗಾಯಕ್ಕ ಯಾರ ಹಚ್ತಾರ? ಅದು ಬಾಗಲಕ್ಕ ಕಟ್ಟೂದು" ಅಂದ್ಲು. ಕೆಳಗಿನ ಮನೆ ಮರಾಠಿ ಕಾಕುಗೆ (ಚಿಕ್ಕಮ್ಮ ಅಂದ ಹಾಗೆ) ಬಾಟಲಿ ತೋರಿಸಿದೆ, ಅವರಿಗೆ ಗಿಡಗಳ ಬಗ್ಗೆ ಬಹಳ ಗೊತ್ತು, ಮೂಸಿ ನೋಡಿದವರೇ "ಅಗಂ, ಹಾ ತರ ಝೆಂಡೂ!" ಅಂದ್ರು, ಅಯ್ಯೋ ಇದು ಚೆಂಡುಹೂ ಅಲ್ವಾ ಅಂತ.

ಎರಡೂ ಬೇರೆ ಗಿಡ. ನಮ್ಮ ಹಬ್ಬದ ಚೆಂಡುಹೂ ಟ್ಯಾಜೆಟಿಸ್, ಮೆಕ್ಸಿಕೋ ಕಡೆಯಿಂದ ಬಂದದ್ದು. ಔಷಧದ್ದು ಕ್ಯಾಲೆಂಡುಲ ಅಫಿಸಿನಾಲಿಸ್, ಅದು ದಕ್ಷಿಣ ಯುರೋಪಿನ ಕಡೆಯದು. ಇಂಗ್ಲಿಷಲ್ಲಿ ಎರಡಕ್ಕೂ ಮಾರಿಗೋಲ್ಡ್ ಅಂತಾರೆ, ಅಲ್ಲೇ ಎಲ್ಲಾ ಗಲಿಬಿಲಿ. ಚೆಂಡುಹೂವಿನ ಎಲೆ ಸಣ್ಣ ಸಣ್ಣದಾಗಿ ಹರಿದ ಹಾಗಿರುತ್ತೆ, ಮುಟ್ಟಿದ್ರೆ ಗಾಟು ವಾಸನೆ, ಬೀಜ ಕಪ್ಪು ಸೂಜಿ ಥರ. ಕ್ಯಾಲೆಂಡುಲ ಎಲೆ ಉದ್ದಕ್ಕೆ ನಾಲಿಗೆ ಥರ ಒಂದೇ ಎಲೆ, ಬೀಜ ಬಾಗಿ ಕೊಕ್ಕೆ ಹಾಗಿರುತ್ತೆ, ಹೂ ಕಿತ್ತರೆ ಬೆರಳು ಅಂಟಂಟಾಗುತ್ತೆ. ಚೆಂಡುಹೂವಿನ ಗಿಡದಲ್ಲಿ, ಅದರಲ್ಲೂ ಬೇರಲ್ಲಿ, ಥಯೋಫೀನ್ ಅನ್ನೋ ವಸ್ತುಗಳಿವೆ, ಬೆಳಕು ಬಿದ್ರೆ ಅವು ಇನ್ನೂ ಚುರುಕಾಗ್ತವೆ, ಟೊಮೆಟೊ ಹೊಲದಲ್ಲಿ ಬೇರಿಗೆ ಬೀಳೋ ಜಂತುಹುಳದ ಕಾಟ ತಪ್ಪಿಸೋಕೆ ರೈತರು ಚೆಂಡುಹೂ ಹಾಕೋದು ಅದಕ್ಕೇ. ನನ್ನ ಕೈ ಕೆಂಪಾಗಿದ್ದು ಅದರಿಂದಲೋ ಮಾರ್ಕೆಟ್ ಹೂವಿಗೆ ಹೊಡೆದ ಕೀಟನಾಶಕದಿಂದಲೋ, ಎರಡೂ ತೆರೆದ ಗಾಯಕ್ಕೆ ಬೇಡವಾದ್ದೇ. ಬಾಟಲಿ ಅವತ್ತೇ ಮೋರಿಗೆ ಸುರಿದೆ.

ಆಮೇಲೆ ಲಕ್ಷ್ಮಿ ರೋಡ್ ಹತ್ರದ ಒಂದು ಹೋಮಿಯೋಪತಿ ಅಂಗಡಿಗೆ ಹೋಗಿ ಕ್ಯಾಲೆಂಡುಲ ಕೊಡಿ ಅಂದೆ. ಕೊಟ್ಟಿದ್ದು ಸಕ್ಕರೆ ಗುಳಿಗೆ, ಮೇಲೆ 30 ಅಂತ ಬರೆದದ್ದು. ಮನೆಗೆ ಬಂದು ಕೂತು ಓದಿದ ಮೇಲೆ ಗೊತ್ತಾಯ್ತು, ಆ 30 ಅಂದ್ರೆ ನೂರಕ್ಕೆ ಒಂದರ ಹಾಗೆ 30 ಸಲ ತೆಳು ಮಾಡಿದ್ದು, ಹೂವಿನ ಸಾರ ಗಾಯಕ್ಕೆ ತಾಗಿಸೋಕೆ ಅದು ಬರೋದೇ ಇಲ್ಲ. ಕೇಳೋವಾಗ "ಮದರ್ ಟಿಂಕ್ಚರ್, ಕ್ಯೂ" ಅಂತಲೇ ಕೇಳಬೇಕು, ಕ್ಯೂ (Q) ಅಂದ್ರೆ ಹಾಗೆ ತೆಳು ಮಾಡದ ಮೂಲ ಸಾರದ ಗುರುತು. 30 ಎಂಎಲ್ ಬಾಟಲಿ ನನಗೆ ಸಿಕ್ಕಿದ್ದು ನೂರಾ ಮೂವತ್ತು ಚಿಲ್ಲರೆಗೆ.

ಈಗ ಇದರ ಕಾಟ ಏನು ಅಂತ ಹೇಳ್ತೀನಿ, ಇಷ್ಟ ಆದದ್ದೇ ಆದ್ರೂ ಎರಡು ತಿಂಗಳು ನನ್ನ ತಲೆ ತಿಂದಿದೆ. ಟಿಂಕ್ಚರ್ ಅಂದ್ರೆ ಆಲ್ಕೊಹಾಲಲ್ಲಿ ಇಳಿಸಿದ ಹೂವಿನ ಸಾರ. ಹಾಗೇ ಗಾಯಕ್ಕೆ ಹಾಕಿದ್ರೆ ಕಣ್ಣಲ್ಲಿ ನೀರು ಬರೋ ಅಷ್ಟು ಉರಿಯುತ್ತೆ, ಉರಿಯೋದಷ್ಟೇ ಅಲ್ಲ, ಬಲವಾದ ಆಲ್ಕೊಹಾಲ್ ಹೊಸ ಚರ್ಮಕ್ಕೂ ಒಳ್ಳೇದಲ್ಲ. ಅದಕ್ಕೆ ಒಂದು ಪಾಲು ಟಿಂಕ್ಚರಿಗೆ ಕಮ್ಮಿ ಅಂದ್ರೂ ಮೂರು ಪಾಲು ಕುದಿಸಿ ಆರಿಸಿದ ನೀರು ಹಾಕಬೇಕು. ಬೆಳಗ್ಗೆ ಐದಕ್ಕೆ ಏಳೋಳು ನಾನು, ಪ್ರತಿ ಸಲ ಅಳತೆ ಮಾಡ್ತಾ ಯಾರು ಕೂರ್ತಾರೆ ಅಂತ ಒಂದೇ ಸಲ ಹತ್ತಕ್ಕೆ ಒಂದರ ಹಾಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಟ್ಟೆ.

ನೀರು ಬಿದ್ದ ತಕ್ಷಣ ಅದು ಕಲಗಚ್ಚಿನ ಹಾಗೆ ಕದಡಿಹೋಯ್ತು. ಕೆಟ್ಟುಹೋಗಿದೆ ಅಂತ ಹೆದರಿ ಮೊದಲ ಸಲ ಚೆಲ್ಲಿಯೂ ಬಿಟ್ಟೆ, ಐದು ಎಂಎಲ್ ದಂಡ. ಕೆಟ್ಟಿರಲಿಲ್ಲ ಪಾಪ. ಕ್ಯಾಲೆಂಡುಲ ಹೂವಲ್ಲಿ ಅಂಟು ಅಂಟಾದ ರಾಳ ಇದೆ, ಅದು ಆಲ್ಕೊಹಾಲಲ್ಲಿ ಕರಗಿರುತ್ತೆ, ನೀರು ಜಾಸ್ತಿ ಆದ ಕೂಡಲೇ ಬಿಟ್ಕೊಂಡು ಹೊರಗೆ ಬರುತ್ತೆ, ಅದಕ್ಕೇ ಹಾಲು ಹಾಲಾಗಿ ಕಾಣೋದು. ಎರಡನೇ ಸಲ ಚೆಲ್ಲದೆ ಇಟ್ಟೆ. ಮೂರನೇ ದಿನಕ್ಕೆ ಸ್ಪ್ರೇ ಮೂತಿ ಕಟ್ಟಿತು, ಪಿನ್ ಹಾಕಿ ಬಿಡಿಸಿದೆ, ಮತ್ತೆ ಕಟ್ಟಿತು, ಬಿಸಿ ನೀರಲ್ಲಿ ನೆನೆಸಿದ್ರೂ ಆ ಹಳದಿ ಅಂಟು ಹೋಗಲ್ಲ, ಕೊನೆಗೆ ಹೋಗಿದ್ದು ಅದೇ ಟಿಂಕ್ಚರ್ ಹತ್ತಿಗೆ ಹಾಕಿ ಒರೆಸಿದಾಗ. ವಾರ ಕಳೀತಿದ್ದ ಹಾಗೆ ಬಾಟಲೀಲಿ ಹಳಸಿದ ವಾಸನೆ, ತಳದಲ್ಲಿ ಎಳೆ ಎಳೆ. ಆವಾಗ ಅರ್ಥ ಆಯ್ತು, ಟಿಂಕ್ಚರ್ ವರ್ಷಗಟ್ಟಲೆ ಕೆಡದೆ ಇರೋದು ಆಲ್ಕೊಹಾಲಿಂದ, ಹತ್ತು ಪಾಲು ನೀರು ಹಾಕಿದ ಮೇಲೆ ಅದನ್ನ ಕಾಯೋರು ಯಾರೂ ಇಲ್ಲ. ಇಂಥದ್ದನ್ನ ತೆರೆದ ಗಾಯಕ್ಕೆ ಹೊಡೀತಾ ಇದ್ನಲ್ಲ ಅಂತ ಬಹಳ ಬೇಜಾರಾಯ್ತು.

ದಾರಿ ಸಿಕ್ಕಿದ್ದು ನನ್ನ ಒಲೆ ಮೇಲೇನೇ. ರೊಟ್ಟಿಗೆ ಬೆಳಗ್ಗೆ ಎಸರು ಇಟ್ಟೇ ಇಡ್ತೀನಿ, ಅದು ಕುದಿದ ಮೇಲೆ ಉಪ್ಪು ಹಾಕೋ ಮೊದಲು ಒಂದು ಸೌಟು ನೀರು ಸಣ್ಣ ಸ್ಟೀಲ್ ಡಬ್ಬಿಗೆ ತೆಗೆದು ಮುಚ್ಚಿಡ್ತೀನಿ, ಕೆಲಸ ಮುಗಿಯೋ ಹೊತ್ತಿಗೆ ಆರಿರುತ್ತೆ. ಮೆಡಿಕಲಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ಸಿಗುತ್ತೆ, ಒಂದು ಎಂಎಲ್ ಟಿಂಕ್ಚರ್, ನಾಲ್ಕು ಎಂಎಲ್ ನೀರು, ಅವತ್ತಿಗೆ ಬೇಕಾದಷ್ಟೇ, ಉಳಿದದ್ದು ಚೆಲ್ಲೋದು. ಗಾಯ ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಇದರಲ್ಲಿ ನೆನೆಸಿದ ಗಾಯಕ್ಕೆ ಕಟ್ಟೋ ಜಾಳು ಬಟ್ಟೆ ಐದು ನಿಮಿಷ ಇಟ್ಕೊಂಡು, ಒಣಗಿದ ಮೇಲೆ ಪಟ್ಟಿ. ಈ ಕ್ರಮಕ್ಕೆ ಬಂದ ಮೇಲೆ ತಕರಾರಿಲ್ಲ. ದಿನಾ ಎಸರು ಇಡದ ಮನೆಯವರಿಗೆ ಇದು ದೊಡ್ಡ ಕಿರಿಕಿರಿ ಅಂತಲೇ ಅನಿಸಬಹುದು, ಅದನ್ನ ಒಪ್ಕೋತೀನಿ.

ನನಗೆ ಇದೇ ಯಾಕೆ ಬೇಕು ಅಂದ್ರೆ ಒಂದೇ ಕಾರಣ, ಒಣಗಿದ ಮೇಲೆ ಕೈಯಲ್ಲಿ ಜಿಡ್ಡು ಉಳಿಯಲ್ಲ. ಮೇಲೆ ಪಟ್ಟಿ ಸರಿಯಾಗಿ ಅಂಟುತ್ತೆ, ಅದರ ಮೇಲೆ ಗ್ಲೌಸ್ ಹಾಕಿ ಕೆಲಸಕ್ಕೆ ಕೂರಬಹುದು. ಮುಲಾಮು ಹಚ್ಚಿದ ಬೆರಳಿಗೆ ಪಟ್ಟಿ ನಿಲ್ಲೋದೇ ಇಲ್ಲ, ಹತ್ತು ನಿಮಿಷದಲ್ಲಿ ಜಾರಿ ಹಿಟ್ಟಲ್ಲಿ ಬೀಳುತ್ತೆ, ಆ ಹಿಟ್ಟು ಪೂರ್ತಿ ಎಸೀಬೇಕು. ಒಂದು ಸಲ ಹಾಗೇ ಆಗಿ ಎರಡು ಕಿಲೋ ಜೋಳದ ಹಿಟ್ಟು ಹೋಯ್ತು.

ಆದ್ರೆ ಮುಲಾಮಿನ ಬಗ್ಗೆ ನ್ಯಾಯವಾಗಿ ಹೇಳಬೇಕು, ಕ್ಯಾಲೆಂಡುಲಕ್ಕೆ ಇರೋ ಗಟ್ಟಿ ಪುರಾವೆ ಮುಲಾಮಿನದ್ದೇ. ಫ್ರಾನ್ಸಿನ ಲಿಯಾನ್‌ನಲ್ಲಿ ಸ್ತನ ಕ್ಯಾನ್ಸರಿಗೆ ರೇಡಿಯೇಶನ್ ತಗೊಳ್ತಿದ್ದ 254 ಹೆಂಗಸರ ಮೇಲೆ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟ ಆಯ್ತು, ಅರ್ಧ ಜನಕ್ಕೆ ಕ್ಯಾಲೆಂಡುಲ ಮುಲಾಮು, ಉಳಿದ ಅರ್ಧಕ್ಕೆ ಟ್ರೋಲಮೈನ್ ಅನ್ನೋ ಬೇರೆ ಮುಲಾಮು. ಚರ್ಮ ಜೋರಾಗಿ ಸುಟ್ಟ ಹಾಗಾಗಿದ್ದು ಕ್ಯಾಲೆಂಡುಲ ಹಚ್ಚಿದವರಲ್ಲಿ 41 ಪರ್ಸೆಂಟ್, ಇನ್ನೊಂದರಲ್ಲಿ 63. ಹಚ್ಚೋಕೆ ಕಷ್ಟ ಅಂತ ಕೆಲವರು ದೂರಿದ್ದೂ ಅದರಲ್ಲೇ ಇದೆ, ನನಗಂತೂ ಆ ಮಾತು ಪೂರ್ತಿ ಅರ್ಥ ಆಗುತ್ತೆ. ಟಿಂಕ್ಚರಿಗೆ ಇಂಥ ದೊಡ್ಡ ಪರೀಕ್ಷೆಯ ಬಲ ಇಲ್ಲ, ಯುರೋಪಿನ ಔಷಧ ಏಜೆನ್ಸಿ ಸಣ್ಣ ಗಾಯ, ಚರ್ಮದ ಸಣ್ಣ ಉರಿಯೂತ, ಬಾಯಿ ಗಂಟಲಿನ ಸಣ್ಣ ಉರಿ ಇವಕ್ಕೆ ಕ್ಯಾಲೆಂಡುಲ ಒಪ್ಪಿರೋದು ತಲೆಮಾರುಗಳಿಂದ ಬಳಸ್ತಾ ಬಂದಿದ್ದಾರೆ ಅನ್ನೋ ಆಧಾರದ ಮೇಲೆ.

ಹಂಚಿನ ಬಿಸಿ ತಾಗಿದಾಗ ನಾನೂ ಮುಲಾಮೇ ಬಳಸ್ತೀನಿ. ಸುಟ್ಟ ಕೂಡಲೇ ನಲ್ಲಿ ನೀರಿನ ಕೆಳಗೆ 20 ನಿಮಿಷ, ಅದೇ ಮೊದಲ ಔಷಧ, ಬೊಬ್ಬೆ ಬರದ ಸಣ್ಣ ಸುಟ್ಟ ಗಾಯ ಆದ್ರೆ ಪೂರ್ತಿ ತಣ್ಣಗಾದ ಮೇಲೆ ರಾತ್ರಿ ಮುಲಾಮು. ಸುಟ್ಟ ಜಾಗಕ್ಕೆ ಟಿಂಕ್ಚರ್ ಮಾತ್ರ ತಾಗಿಸಬೇಡಿ.

ಬಾಯಿಗೆ ಟಿಂಕ್ಚರ್ ಬಿಟ್ರೆ ಬೇರೆ ಯಾವುದೂ ಆಗಲ್ಲ. ಮಗಳಿಗೆ ಹಲ್ಲಿಗೆ ತಂತಿ ಹಾಕಿಸಿದ್ದೀವಿ, ಕೆನ್ನೆ ಒಳಗೆ ಉಜ್ಜಿ ಉಜ್ಜಿ ಹುಣ್ಣು. ಒಂದು ಗ್ಲಾಸ್ ನೀರಿಗೆ ಒಂದೇ ಚಮಚ, ಬಾಯಿ ಮುಕ್ಕಳಿಸಿ ಉಗುಳೋದು, ನುಂಗೋ ಹಾಗಿಲ್ಲ. ಅವಳು ಮೊದಲ ದಿನ ಮುಖ ಹಿಂಡಿದ್ಲು, ಕಹಿ ಇದೆ. "ಅವ್ವಾ, ಉರೀಲಿಲ್ಲ" ಅಂದಿದ್ದೇ ನನಗೆ ಸಾಕಾಯ್ತು.

ಮನೇಲಿ ಮಾಡಿದ್ದರ ಕಥೆ ಚೆಂಡುಹೂವಿಗೇ ಮುಗೀಲಿಲ್ಲ. ಕಾಕು ನರ್ಸರಿಯಿಂದ ನಿಜವಾದ ಕ್ಯಾಲೆಂಡುಲ ಬೀಜ ತರಿಸಿಕೊಟ್ರು, ನವೆಂಬರಲ್ಲಿ ಬಾಲ್ಕನಿಯ ನಾಲ್ಕು ಕುಂಡದಲ್ಲಿ ಹಾಕಿದೆ, ಪುಣೆ ಚಳಿ ಅದಕ್ಕೆ ಚೆನ್ನಾಗಿ ಒಗ್ಗುತ್ತೆ, ಜನವರಿಗೆ ಹೂ ಬಂತು. ಹೂ ನೋಡೋಕೆ ಬಹಳ ಚಂದ, ಟಿಂಕ್ಚರ್ ಮಾತ್ರ ಸಪ್ಪೆ. ನಮ್ಮಲ್ಲಿ ಸಿಗೋ ವೋಡ್ಕಾದಲ್ಲಿ ಆಲ್ಕೊಹಾಲ್ 42.8 ಪರ್ಸೆಂಟ್, ಹಸಿ ಹೂವಿನ ನೀರು ಸೇರಿ ಇನ್ನೂ ಇಳಿಯುತ್ತೆ, ಯುರೋಪಿನ ಲೆಕ್ಕದಲ್ಲಿ ಈ ಟಿಂಕ್ಚರಿಗೆ ಬೇಕಾದದ್ದು 70ರಿಂದ 90, ಒಂದು ಪಾಲು ಒಣ ಹೂವಿಗೆ ಐದು ಪಾಲು ಟಿಂಕ್ಚರ್. ಆ ರಾಳ ಇಳಿಯೋಕೆ ಅಷ್ಟು ಬಲ ಬೇಕು. ನನ್ನದಕ್ಕೆ ನೀರು ಹಾಕಿದ್ರೆ ಕದಡಲೇ ಇಲ್ಲ, ಅಲ್ಲೇ ಗೊತ್ತಾಯ್ತು. ವೋಡ್ಕಾ ದುಡ್ಡು ಲೆಕ್ಕ ಹಾಕಿದ್ರೆ ಅಂಗಡಿ ಬಾಟಲಿ ಮೂರು ಬರ್ತಿತ್ತು.

ಎಣ್ಣೆ: ಒಣಗಿಸಿದ ಅದೇ ಹೂವನ್ನ ಕೊಬ್ಬರಿ ಎಣ್ಣೇಲಿ ನಾಲ್ಕು ವಾರ ಇಟ್ಟು ಸೋಸಿದ್ದು. ಒಡೆದ ಬೆರಳಿಗೆ, ಹಿಮ್ಮಡಿಗೆ ರಾತ್ರಿ ಮಲಗೋ ಮುಂಚೆ ಇದೇ, ಟಿಂಕ್ಚರ್ ಹಚ್ಚಿದ್ರೆ ಒಡಕು ಇನ್ನೂ ಒಣಗುತ್ತೆ. ಹಸಿ ಗಾಯಕ್ಕೆ ಬೇಡ.

ಪುಣೆಯಲ್ಲಿರೋರು ಒಂದು ವಿಷಯ ಖಂಡಿತ ನೋಡ್ಕೋಬೇಕು. ಕಾಂಗ್ರೆಸ್ ಕಸ ಅಂತೀವಲ್ಲ, ಪಾರ್ಥೇನಿಯಂ, 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಅದು ಜನರ ಕಣ್ಣಿಗೆ ಬಿದ್ದಿದ್ದೇ ಪುಣೆಯಲ್ಲಿ, ಖಾಲಿ ಸೈಟ್ ಇದ್ದಲ್ಲೆಲ್ಲಾ ಈಗಲೂ ಇದೆ. ಅದೂ ಸೇವಂತಿಗೆಯೂ ಕ್ಯಾಲೆಂಡುಲವೂ ಒಂದೇ ಕುಟುಂಬದವು. ಆ ಕಸದಿಂದ ಮೈ ತುರಿಸೋ ಅಲರ್ಜಿ ಇರೋರಿಗೆ ಇದೂ ಆಗದೆ ಇರಬಹುದು, ನಮ್ಮನೆಯವರಿಗೆ ಅದು ಇದೆ, ಅವರಿಗೆ ನಾನು ಯಾವ ರೂಪದಲ್ಲೂ ಹಚ್ಚಲ್ಲ. ಉಳಿದವರೂ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.

ಆಳದ ಗಾಯ, ಮೊಳೆ ಚುಚ್ಚಿದ್ದು, ನಾಯಿ ಕಚ್ಚಿದ್ದು, ಕೀವಾದದ್ದು ಇವೆಲ್ಲ ಡಾಕ್ಟರ್ ಕೆಲಸ. ಹೋದ ತಿಂಗಳು ಮಾವನವರ ಕಾಲಿಗೆ ಹೊಸ ಚಪ್ಪಲಿ ಕಚ್ಚಿ ಗಾಯ ಆಯ್ತು, ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. "ನಿನ್ನ ಆ ಹೂವಿನ ಔಷಧಾನೇ ಹಚ್ಚವಾ, ದವಾಖಾನಿ ಯಾಕ" ಅಂದ್ರು. ನಾನು ಬಾಟಲಿ ಮುಟ್ಟಲೇ ಇಲ್ಲ, ರೊಟ್ಟಿ ಆರ್ಡರ್ ಅರ್ಧಕ್ಕೆ ಬಿಟ್ಟು ಆಟೋ ಹಿಡಿದೆ. ಸಕ್ಕರೆ ಇರೋರ ಪಾದಕ್ಕೆ ನೋವು ಗೊತ್ತಾಗದೆ ಗಾಯ ಒಳಗೇ ಬೆಳೀಬಹುದು. ಹತ್ತು ದಿನ ಡ್ರೆಸಿಂಗ್ ಆಯ್ತು, ಈಗ ಮಾಯ್ದಿದೆ.

ಖರ್ಚು ನನ್ನ ಲೆಕ್ಕದಲ್ಲಿ ಹೀಗೆ. ಒಂದು ಸಲಕ್ಕೆ ಒಂದು ಎಂಎಲ್ ಆದ್ರೆ 30 ಎಂಎಲ್ ಬಾಟಲಿ ನನ್ನ ಕೈಗೆ ಎರಡು ತಿಂಗಳು ಬರುತ್ತೆ, ಮುಲಾಮಿನ ಟ್ಯೂಬ್ ಕಮ್ಮಿ ರೇಟು ಆದ್ರೂ ಮೂರು ವಾರಕ್ಕೆ ಮುಗೀತಿತ್ತು. ಆಫೀಸಲ್ಲಿ ಕೆಲಸ ಮಾಡೋರಿಗೆ, ಜಿಡ್ಡಿನ ಚಿಂತೆ ಇಲ್ಲದವರಿಗೆ ಮುಲಾಮೇ ಸಲೀಸು, ನೀರು ಕುದಿಸೋ ಗೋಜಿಲ್ಲ. ಹಿಟ್ಟಲ್ಲಿ ಕೈ ಇಡೋರಿಗೆ, ಹೂ ಕಟ್ಟೋರಿಗೆ, ಹೊಲಿಗೆ ಮಾಡೋರಿಗೆ ಟಿಂಕ್ಚರ್. ನಮ್ಮ ಬೀದಿಲಿ ಬ್ಲೌಸ್ ಹೊಲಿಯೋ ಅಕ್ಕ ಸೂಜಿ ತಾಗಿದ ಬೆರಳಿಗೆ ಅಂತ ಕೇಳಿದ್ರು, ಅವರಿಗೂ ಒಂದು ಸಿರಿಂಜ್ ಕೊಟ್ಟು ಅಳತೆ ತೋರಿಸಿ ಬಂದೆ. ಮುಂದಿನ ಸಲ ಲಕ್ಷ್ಮಿ ರೋಡ್ ಕಡೆ ಹೋದಾಗ ಇಬ್ಬರಿಗೂ ಸೇರಿ 100 ಎಂಎಲ್‌ದು ತರಬೇಕು.