ಪ್ರಾಸ್ಟೇಟ್ ಎಂಆರ್‌ಐ: ಅಂಕೆಯನ್ನು ನಂಬುವ ಮೊದಲು ಚಿತ್ರಗಳ ಗುಣಮಟ್ಟ ವಿಚಾರಿಸಿ

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಎಂಆರ್‌ಐ ವರದಿಯ ಕೊನೆಯಲ್ಲಿ, ಕ್ಯಾನ್ಸರಿನ ಸಂಶಯವನ್ನು ಒಂದರಿಂದ ಐದರವರೆಗೆ ಅಳೆಯುವ ‘ಪೈ-ರಾಡ್ಸ್’ ಅಂಕೆ ಕಡಿಮೆಯಿದೆ ಎಂದು ನಿಶ್ಚಿಂತರಾಗುವ ಮುನ್ನ, ಆ ಅಂಕೆಯನ್ನು ಕೊಡಲು ಬೇಕಾದಂಥ ಚಿತ್ರಗಳು ಸ್ಕ್ಯಾನಿನಲ್ಲಿ ಬಂದಿದ್ದವೇ ಎಂಬುದನ್ನು ದಯವಿಟ್ಟು ಕೇಳಿ ತಿಳಿದುಕೊಳ್ಳಿ. ನಮ್ಮ ಮಾವನವರ ಸ್ಕ್ಯಾನಿನಲ್ಲಿ ಅವು ಬಂದಿರಲಿಲ್ಲ. ಹಾಗಿದ್ದರೂ ವರದಿಯಲ್ಲಿ ‘ಪೈ-ರಾಡ್ಸ್ 2, ಸಂಶಯಾಸ್ಪದ ಗಡ್ಡೆ ಕಾಣುವುದಿಲ್ಲ’ ಎಂದು ಬರೆದು ಕೊಟ್ಟರು, ಮತ್ತು ಆ ಒಂದು ಸಾಲಿನಿಂದಾಗಿ ಅವರ ಕ್ಯಾನ್ಸರ್ ಪತ್ತೆಯಾಗುವುದು ಹತ್ತಿರ ಹತ್ತಿರ ಒಂದು ವರ್ಷ ತಡವಾಯಿತು.

ಮಾವನವರು ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕರು. ವಯಸ್ಸು ಎಪ್ಪತ್ತು ದಾಟಿದೆ. ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ತೋರಿಸಲು ಹೋದಾಗ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆಯಾದ ಪಿಎಸ್‌ಎ 9.2 ಬಂತು, ಅಂದರೆ ಇರಬೇಕಾದುದಕ್ಕಿಂತ ಹೆಚ್ಚು. ನೇರವಾಗಿ ಬಯಾಪ್ಸಿಗೆ (ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದಕ್ಕೆ) ಹೋಗುವ ಬದಲು ಮೊದಲು ಎಂಆರ್‌ಐ ಮಾಡಿಸಿ ಎಂದು ಮೂತ್ರರೋಗ ತಜ್ಞರು ಹೇಳಿದ್ದು ಸರಿಯಾದ ಸಲಹೆಯೇ ಆಗಿತ್ತು. 2018ರಲ್ಲಿ ಪ್ರಕಟವಾದ ‘ಪ್ರಿಸಿಷನ್’ ಎಂಬ ಅಧ್ಯಯನದಲ್ಲಿ, ಮೊದಲು ಎಂಆರ್‌ಐ ಮಾಡಿ ಸಂಶಯವಿದ್ದ ಜಾಗಕ್ಕೆ ಗುರಿಯಿಟ್ಟು ಬಯಾಪ್ಸಿ ಮಾಡಿದ ಗುಂಪಿನಲ್ಲಿ ಶೇ. 38 ಮಂದಿಗೆ ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದ ಕ್ಯಾನ್ಸರ್ ಸಿಕ್ಕಿತು. ಹಳೆಯ ಕ್ರಮದ ಬಯಾಪ್ಸಿಯ ಗುಂಪಿನಲ್ಲಿ ಅದು ಶೇ. 26 ಮಾತ್ರ. ಎಂಆರ್‌ಐ ಗುಂಪಿನ ಶೇ. 28 ಮಂದಿಗೆ ಬಯಾಪ್ಸಿಯ ಅಗತ್ಯವೇ ಬೀಳಲಿಲ್ಲ. ಆದ್ದರಿಂದ ನನ್ನ ದೂರು ಈ ಪರೀಕ್ಷೆಯ ಮೇಲಲ್ಲ, ಅದನ್ನು ನಮಗೆ ಮಾಡಿಕೊಟ್ಟ ರೀತಿಯ ಮೇಲೆ.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳಿದರು, ಇಲ್ಲ ಎಂದೆವು. ಬಲ ಸೊಂಟದ ಕೀಲು ಬದಲಾಯಿಸಿ ಲೋಹದ ಕೀಲು ಹಾಕಿದ್ದಾರೆ ಎಂದು ಹೇಳಿದೆವು. ಯಂತ್ರದೊಳಗೆ ಹೋಗಲು ಅದರಿಂದ ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದುವರಿದರು. ಅಪಾಯವಿಲ್ಲ ಎಂಬುದು ನಿಜ. ಆದರೆ ಆ ಲೋಹದಿಂದ ಚಿತ್ರಗಳು ಕೆಡಬಹುದು ಎಂಬುದನ್ನು ಯಾರೂ ಹೇಳಲಿಲ್ಲ. ಚಿತ್ರದಲ್ಲಿ ಕೆಲವು ಜಾಗಗಳು ಬೆಳಗುವಂತೆ ಮಾಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕೇ ಎಂದು ನಾವೇ ಕೇಳಿದಾಗ, ಪ್ಲೇನ್ ಸ್ಕ್ಯಾನ್ ಸಾಕು, ಸುಮ್ಮನೆ ಹೆಚ್ಚಿನ ಖರ್ಚೇಕೆ ಎಂಬ ಉತ್ತರ ಬಂತು. ವರದಿ ಹಿಡಿದು ಊರಿನ ವೈದ್ಯರ ಬಳಿ ಹೋದಾಗ ಅವರು ಕೊನೆಯ ಸಾಲನ್ನಷ್ಟೇ ಓದಿ, “ಮಾಸ್ತರ, ಎರಡೇ ಬಂದೈತ್ರಿ, ಏನೂ ಕಾಳಜಿ ಮಾಡಬ್ಯಾಡ್ರಿ” ಎಂದರು. ಮನೆಮಂದಿಯೆಲ್ಲ ನೆಮ್ಮದಿಯಿಂದ ಉಸಿರು ಬಿಟ್ಟೆವು.

ಆ ಎರಡಕ್ಕೆ ಆಧಾರವೇ ಇರಲಿಲ್ಲ ಎಂಬುದನ್ನು ವಿವರಿಸಲು ಈ ಅಂಕೆಯ ಲೆಕ್ಕವನ್ನು ಸ್ವಲ್ಪ ಹೇಳಬೇಕಾಗುತ್ತದೆ. ಪೈ-ರಾಡ್ಸ್ ಪದ್ಧತಿಯನ್ನು ಯುರೋಪಿನ ರೇಡಿಯಾಲಜಿ ತಜ್ಞರ ಸಂಘವೊಂದು 2012ರಲ್ಲಿ ಹೊರತಂದಿತು. ಈಗ ಬಳಕೆಯಲ್ಲಿರುವ 2.1ನೇ ಆವೃತ್ತಿ 2019ರದು. ಒಂದರಿಂದ ಐದರವರೆಗಿನ ಈ ಅಂಕೆ ಚಿಕಿತ್ಸೆ ಬೇಡುವಂಥ ಕ್ಯಾನ್ಸರ್ ಇರುವ ಸಾಧ್ಯತೆಯನ್ನು ಸೂಚಿಸುತ್ತದೆಯೇ ಹೊರತು ರೋಗ ಯಾವ ಹಂತದಲ್ಲಿದೆ ಎಂಬುದನ್ನಲ್ಲ. ಇದನ್ನು ಮೂರು ಬಗೆಯ ಚಿತ್ರಗಳಿಂದ ನಿರ್ಧರಿಸುತ್ತಾರೆ: ಗ್ರಂಥಿಯ ರಚನೆಯನ್ನು ತೋರಿಸುವ ಟಿ2, ಅಂಗಾಂಶದೊಳಗೆ ನೀರಿನ ಕಣಗಳ ಚಲನೆಯನ್ನು ಅಳೆಯುವ ಡಿಫ್ಯೂಷನ್, ಮತ್ತು ಇಂಜೆಕ್ಷನ್ ಕೊಟ್ಟ ಮೇಲೆ ಯಾವ ಜಾಗ ಬೇಗ ಬೆಳಗುತ್ತದೆ ಎಂದು ನೋಡುವ ಕಾಂಟ್ರಾಸ್ಟ್ ಚಿತ್ರಗಳು. ಬಹುಪಾಲು ಕ್ಯಾನ್ಸರ್ ಹುಟ್ಟುವುದು ಗ್ರಂಥಿಯ ಹೊರವಲಯದಲ್ಲಿ, ಅಲ್ಲಿ ಅಂಕೆಯನ್ನು ತೀರ್ಮಾನಿಸುವುದು ಡಿಫ್ಯೂಷನ್. ಒಳವಲಯದಲ್ಲಿ ಟಿ2 ಚಿತ್ರದ ಮಾತೇ ಮುಖ್ಯ. ಕಾಂಟ್ರಾಸ್ಟ್‌ನ ಪಾತ್ರ ಚಿಕ್ಕದು: ಹೊರವಲಯದಲ್ಲಿ ಮೂರು ಎಂದು ಅನುಮಾನದಲ್ಲಿ ನಿಂತ ಜಾಗ ಬೇಗ ಬೆಳಗಿದರೆ ಅದನ್ನು ನಾಲ್ಕಕ್ಕೆ ಏರಿಸುವುದು. ಡಿಫ್ಯೂಷನ್ ಚೆನ್ನಾಗಿ ಬಂದಿದ್ದರೆ ಇಂಜೆಕ್ಷನ್ ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಈಗ ಒಳ್ಳೆಯ ಪುರಾವೆಯೂ ಇದೆ.

ಆದರೆ ಡಿಫ್ಯೂಷನ್ ಕೆಟ್ಟರೆ ಮಾತು ಬೇರೆ. ಆಗ ಹೊರವಲಯದಲ್ಲಿ ಟಿ2 ಮತ್ತು ಕಾಂಟ್ರಾಸ್ಟ್ ಎರಡನ್ನೂ ಸೇರಿಸಿ ಅಂಕೆ ಕೊಡಬೇಕು. ಡಿಫ್ಯೂಷನ್ನೂ ಕೆಟ್ಟು ಕಾಂಟ್ರಾಸ್ಟೂ ಇಲ್ಲದಿದ್ದರೆ, ಗ್ರಂಥಿಯ ಹೊರಗೆ ರೋಗ ಹರಡಿದೆಯೇ ಎಂಬುದನ್ನಷ್ಟೇ ಹೇಳಿ ನಿಲ್ಲಬೇಕು ಎಂದು ಪೈ-ರಾಡ್ಸ್ ನಿಯಮದಲ್ಲೇ ಇದೆ. ನಮ್ಮ ಮಾವನವರದು ಸರಿಯಾಗಿ ಇದೇ ಸ್ಥಿತಿ. ಅಂಕೆಯನ್ನೇ ಕೊಡಬಾರದಿದ್ದ ಜಾಗದಲ್ಲಿ ಎರಡು ಎಂಬ ಸಮಾಧಾನದ ಅಂಕೆ ಬಂದು ಕೂತಿತ್ತು.

ಇದು ಗೊತ್ತಾದದ್ದು ಪಿಎಸ್‌ಎ 14ಕ್ಕೆ ಏರಿದ ಮೇಲೆ. ಪ್ರಾಸ್ಟೇಟ್ ಸ್ಕ್ಯಾನುಗಳನ್ನೇ ಹೆಚ್ಚಾಗಿ ಓದುವ ಬೆಂಗಳೂರಿನ ರೇಡಿಯಾಲಜಿಸ್ಟ್ ಒಬ್ಬರಿಗೆ ಹಳೆಯ ಸಿ.ಡಿ.ಯನ್ನು ತೋರಿಸಿದೆವು. ಅವರು ವರದಿಯನ್ನು ಓದದೆ ಮೊದಲು ಚಿತ್ರಗಳನ್ನು ತೆರೆದರು. ಟಿ2 ಚಿತ್ರದಲ್ಲಿ ಗ್ರಂಥಿ ಒಂದು ಮಟ್ಟಿಗೆ ಸ್ಪಷ್ಟವಾಗಿಯೇ ಇತ್ತು. ಡಿಫ್ಯೂಷನ್ ಚಿತ್ರಕ್ಕೆ ಬಂದಾಗ ಬಲ ಸೊಂಟದ ಜಾಗದಲ್ಲಿ ದೊಡ್ಡ ಕಪ್ಪು ಗುಳಿ, ಅದರ ಅಂಚಿನಿಂದ ಹೊರಟ ಬಿಳಿಯ ಪಟ್ಟಿ ಗ್ರಂಥಿಯ ಬಲಭಾಗದ ಮೇಲೆಯೇ ಬಿದ್ದು, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಅಂಚುಗಳೆಲ್ಲ ಕಲಸಿಹೋಗಿದ್ದವು. ಎಡಭಾಗವನ್ನು ಓದಬಹುದಿತ್ತು, ಬಲಭಾಗವನ್ನು ಓದುವಂತೆಯೇ ಇರಲಿಲ್ಲ. ವೈದ್ಯಕೀಯ ಓದದ ನನ್ನ ಕಣ್ಣಿಗೂ ಅದು ಕಂಡಿತು. ಮೂಲ ವರದಿಯಲ್ಲಿ ಈ ದೋಷದ ಬಗ್ಗೆ ಒಂದು ಪದವೂ ಇರಲಿಲ್ಲ. ನನಗೆ ಇಂದಿಗೂ ಕ್ಷಮಿಸಲಾಗದಿರುವುದು ಅದೊಂದನ್ನೇ.

ಅದೇ ವರದಿಯಲ್ಲಿ ಇನ್ನೊಂದು ಸುಳಿವೂ ಇತ್ತು. ಗ್ರಂಥಿಯ ಗಾತ್ರ 38 ಮಿಲಿಲೀಟರ್ ಎಂದು ಬರೆದಿದ್ದರು. ಪಿಎಸ್‌ಎ ಮೌಲ್ಯವನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದನ್ನು ಪಿಎಸ್‌ಎ ಸಾಂದ್ರತೆ ಎನ್ನುತ್ತಾರೆ, ಅದು 0.15ನ್ನು ಮೀರಿದರೆ, ಸ್ಕ್ಯಾನ್ ಚೆನ್ನಾಗಿ ಕಂಡರೂ ಬಯಾಪ್ಸಿಯ ವಿಚಾರವನ್ನು ಮತ್ತೆ ಎತ್ತಿಕೊಳ್ಳುವುದು ವಾಡಿಕೆ. ಮಾವನವರದು 0.24. ವಯಸ್ಸಾದವರಿಗೆ ಗ್ರಂಥಿ ದೊಡ್ಡದಾಗಿ ಪಿಎಸ್‌ಎ ಏರುವುದು ಸಹಜ ಎಂಬ ಮಾತನ್ನು ನಮಗೂ ಹೇಳಿದ್ದರು, ಆದರೆ ಆ ಮಾತು ಒಪ್ಪುವಷ್ಟು ದೊಡ್ಡ ಗ್ರಂಥಿ ಅವರದಾಗಿರಲಿಲ್ಲ.

ಮತ್ತೆ ಸ್ಕ್ಯಾನ್ ಮಾಡಿಸಿದೆವು. ಈ ಸಲ ಲೋಹದ ಕೀಲಿನ ವಿಷಯವನ್ನು ಚೀಟಿಯಲ್ಲೇ ಬರೆಸಿದ್ದರಿಂದ ಲೋಹದ ಪ್ರಭಾವ ಕಡಿಮೆ ಬೀಳುವಂತೆ ಚಿತ್ರ ತೆಗೆಯುವ ಕ್ರಮವನ್ನು ಬದಲಾಯಿಸಿದರು, ಕಿಡ್ನಿ ಸರಿಯಿದೆಯೇ ಎಂದು ತಿಳಿಸುವ ಕ್ರಿಯಾಟಿನಿನ್ ನೋಡಿ ಕಾಂಟ್ರಾಸ್ಟ್ ಕೊಟ್ಟರು. ಬಲಭಾಗದ ಡಿಫ್ಯೂಷನ್ ಆಗಲೂ ಪೂರ್ತಿ ಸರಿಯಾಗಲಿಲ್ಲ, ಮತ್ತು ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ದಾಖಲಿಸಿದರು. ಟಿ2 ಚಿತ್ರದಲ್ಲಿ ಮೂರು ಎಂದು ಕಂಡ ಜಾಗ ಇಂಜೆಕ್ಷನ್ ಕೊಟ್ಟೊಡನೆ ಬೆಳಗಿದ್ದರಿಂದ ಅಂಕೆ ನಾಲ್ಕಾಯಿತು. ಬಯಾಪ್ಸಿಯಲ್ಲಿ ಗ್ಲೀಸನ್ 4+3 (ರೋಗ ಎಷ್ಟು ತೀವ್ರವೆಂದು ಹೇಳುವ ಅಂಕೆ) ಕ್ಯಾನ್ಸರ್ ಎಂದು, ಅಂದರೆ ಚಿಕಿತ್ಸೆ ಬೇಡುವಂಥದು ಎಂದು ಬಂತು. ರೋಗ ಹೊರಗೆ ಹರಡಿರಲಿಲ್ಲ ಎಂಬುದು ನಮ್ಮ ಪುಣ್ಯ; ಈಗ ಹಾರ್ಮೋನ್ ಇಂಜೆಕ್ಷನ್ ಮತ್ತು ರೇಡಿಯೇಷನ್ ನಡೆಯುತ್ತಿದೆ.

ಒಳ್ಳೆಯ ಚಿತ್ರಗಳಿದ್ದರೂ ಕಡಿಮೆ ಅಂಕೆ ಎಂದರೆ ರೋಗವಿಲ್ಲ ಎಂದಲ್ಲ. 2017ರಲ್ಲಿ ಬ್ರಿಟನ್ನಿನಿಂದ ಬಂದ ‘ಪ್ರಾಮಿಸ್’ ಅಧ್ಯಯನದಲ್ಲಿ 576 ಗಂಡಸರಿಗೆ ಎಂಆರ್‌ಐ ಮಾಡಿ, ಫಲಿತಾಂಶ ಏನೇ ಇರಲಿ, ಎಲ್ಲರಿಗೂ ಇಡೀ ಗ್ರಂಥಿಯ ಬಯಾಪ್ಸಿಯನ್ನೂ ಮಾಡಿದರು. ಮುಖ್ಯವಾದ ಕ್ಯಾನ್ಸರುಗಳಲ್ಲಿ ಶೇ. 93ನ್ನು ಎಂಆರ್‌ಐ ಹಿಡಿಯಿತು. ಆದರೂ ಎಂಆರ್‌ಐ ಚೆನ್ನಾಗಿದೆ ಎನಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅಂಥ ಮುಖ್ಯವಾದ ಕ್ಯಾನ್ಸರ್ ಇತ್ತು. ಸೊಂಟದ ಕೀಲು ಬದಲಾಯಿಸಿಕೊಂಡವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇನ್ನೊಂದೆಡೆ, ನಾಲ್ಕು ಅಥವಾ ಐದು ಬಂದವರು ಕ್ಯಾನ್ಸರ್ ಖಚಿತವೆಂದು ಕುಸಿಯಬೇಕಾಗಿಯೂ ಇಲ್ಲ; ಪ್ರಾಸ್ಟೇಟಿನ ಉರಿಯೂತ, ನಮ್ಮ ದೇಶದಲ್ಲಿ ಕ್ಷಯರೋಗವೂ ಕೂಡ, ಚಿತ್ರದಲ್ಲಿ ಕ್ಯಾನ್ಸರಿನಂತೆಯೇ ಕಾಣಬಲ್ಲವು. ಅದನ್ನು ಬಿಡಿಸಿ ಹೇಳುವುದು ಬಯಾಪ್ಸಿಯೇ.

ಸ್ಕ್ಯಾನಿಗೆ ಸಮಯ ಗೊತ್ತುಮಾಡುವಾಗಲೇ ಸೊಂಟದಲ್ಲಿ ಲೋಹವಿದ್ದರೆ ಹೇಳಿ, ಡಿಫ್ಯೂಷನ್ ಕೆಟ್ಟರೆ ಏನು ಮಾಡುತ್ತೀರಿ ಎಂದು ಕೇಳಿ. ಈಗಾಗಲೇ ಬಯಾಪ್ಸಿ ಆಗಿದ್ದರೆ, ಒಳಗೆ ರಕ್ತ ಉಳಿದು ಚಿತ್ರ ಕೆಡುವುದರಿಂದ ಕನಿಷ್ಠ ಆರು ವಾರ ಬಿಟ್ಟು ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಗುದನಾಳದಲ್ಲಿ ಗಾಳಿ ತುಂಬಿದ್ದರೂ ಡಿಫ್ಯೂಷನ್ ವಿಕಾರವಾಗುತ್ತದೆ. ಒಳಗೆ ಹೋಗುವ ಮೊದಲು ಶೌಚಕ್ಕೆ ಹೋಗಿ ಬರಲು ಹೇಳುವುದು ಅದಕ್ಕೇ. ವರದಿ ಬಂದಾಗ ಚಿತ್ರಗಳ ಗುಣಮಟ್ಟದ ಬಗ್ಗೆ ಒಂದು ಸಾಲಾದರೂ ಇದೆಯೇ ನೋಡಿ. ಗುಣಮಟ್ಟಕ್ಕೇ ಅಂಕೆ ಕೊಡುವ ‘ಪೈ-ಕ್ವಾಲ್’ ಎಂಬ ಪದ್ಧತಿ 2020ರಿಂದ ಇದೆ, ಆದ್ದರಿಂದ ಇದು ಅತಿಯಾದ ಬೇಡಿಕೆಯಲ್ಲ. ಫಿಲ್ಮುಗಳಷ್ಟೇ ಸಾಲದು, ಎಲ್ಲ ಚಿತ್ರಗಳಿರುವ ಸಿ.ಡಿ.ಯನ್ನು ಕೇಳಿ ಪಡೆಯಿರಿ. ಪಿಎಸ್‌ಎ ಏರುತ್ತಲೇ ಇದ್ದು ವರದಿಯಲ್ಲಿ ಮಾತ್ರ ಒಂದು ಅಥವಾ ಎರಡು ಎಂದಿದ್ದರೆ, ಮುಂದಿನ ವರ್ಷ ನೋಡೋಣ ಎಂದು ಬಿಡದೆ ಅದೇ ಸಿ.ಡಿ.ಯನ್ನು ಬೇರೊಬ್ಬ ಅನುಭವಿ ರೇಡಿಯಾಲಜಿಸ್ಟರಿಂದ ಓದಿಸಿ. ನಮಗೆ ಆ ಎರಡನೆಯ ಓದಿಗೆ ತಗುಲಿದ ಖರ್ಚು ಮೊದಲ ಸ್ಕ್ಯಾನಿನ ಖರ್ಚಿನ ಒಂದು ಸಣ್ಣ ಪಾಲಷ್ಟೇ ಆಗಿತ್ತು.