ಮಾಕ್ ಡ್ರಾಫ್ಟ್ ಸಿಮ್ಯುಲೇಟರ್ ವಿಮರ್ಶೆ: ಮೊದಲ ರೌಂಡಿನ ವಾದಕ್ಕೆ ಇದನ್ನು ಎಷ್ಟು ನಂಬಬಹುದು?

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದು ಏಪ್ರಿಲ್ ಕೊನೆಯಲ್ಲಿ. ಒಂದೊಂದು ಆಯ್ಕೆಯೂ ಒಂದು ಪಿಕ್, ಒಂದೊಂದು ಸುತ್ತೂ ಒಂದು ರೌಂಡ್. ಆದರೆ ನಮ್ಮ ತಂಡ ಮೊದಲ ಪಿಕ್‌ನಲ್ಲಿ ಟ್ಯಾಕಲ್ (ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವವನು) ತಗೊಳ್ಳಬೇಕೋ ಎಡ್ಜ್ ರಷರ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ತಗೊಳ್ಳಬೇಕೋ ಎಂಬ ಜಗಳ ಸೀಸನ್ ಮುಗಿಯುವ ಮೊದಲೇ ಹತ್ತಿಕೊಂಡಿರುತ್ತದೆ. ಅಭಿಮಾನಿಗಳು ಈಗ ಆ ಜಗಳಕ್ಕೆ ಆಧಾರವಾಗಿ ಎತ್ತಿ ತೋರಿಸುವುದು ಮಾಕ್ ಡ್ರಾಫ್ಟ್ ಸಿಮ್ಯುಲೇಟರಿನ, ಅಂದರೆ ಅಣಕು ಡ್ರಾಫ್ಟ್ ನಡೆಸುವ ಆನ್‌ಲೈನ್ ಸಾಧನದ, ಫಲಿತಾಂಶಗಳನ್ನು. ಪ್ರೊ ಫುಟ್‌ಬಾಲ್ ಫೋಕಸ್, ಪ್ರೊ ಫುಟ್‌ಬಾಲ್ ನೆಟ್‌ವರ್ಕ್ ಮುಂತಾದವರು ಇದನ್ನು ಒದಗಿಸುತ್ತಾರೆ. ನಾವು ಒಂದು ತಂಡ ಆರಿಸಿಕೊಂಡರೆ ಉಳಿದ 31 ತಂಡಗಳನ್ನು ಕಂಪ್ಯೂಟರ್ ನಡೆಸುತ್ತದೆ. ಮೊದಲ ಪಿಕ್ ಯಾರಿಗೆ ಎಂಬ ಪ್ರಶ್ನೆಗೆ ಇದರಿಂದ ನೇರ ಉತ್ತರ ಸಿಗುವುದಿಲ್ಲ. ಆ ಪಿಕ್ ಖರ್ಚಾದ ಮೇಲೆ ಎರಡನೇ, ಮೂರನೇ ರೌಂಡಿನಲ್ಲಿ ನಮಗೆ ಏನು ಉಳಿದಿರುತ್ತದೆ ಎಂಬುದನ್ನು ಮಾತ್ರ ಬಹಳ ಚೆನ್ನಾಗಿ ತೋರಿಸುತ್ತದೆ. ಇಡೀ ವಾದ ನಿಲ್ಲಬೇಕಾದದ್ದೂ ಅದರ ಮೇಲೆಯೇ.

ಸಿಮ್ಯುಲೇಟರಿನ ಒಳಗೆ ಮುಖ್ಯವಾಗಿ ಮೂರು ಸಂಗತಿ ಕೆಲಸ ಮಾಡುತ್ತವೆ: ಆಟಗಾರರ ರ‍್ಯಾಂಕಿಂಗ್ ಪಟ್ಟಿ, ಅಂದರೆ ಬಿಗ್ ಬೋರ್ಡ್, ಯಾವ ತಂಡಕ್ಕೆ ಯಾವ ಸ್ಥಾನದಲ್ಲಿ ಕೊರತೆ ಎಂಬ ಪಟ್ಟಿ, ಪ್ರತಿ ಸಲ ಒಂದೇ ಫಲಿತಾಂಶ ಬಾರದಿರಲೆಂದು ಸೇರಿಸಿದ ಒಂದಿಷ್ಟು ಏರುಪೇರು. ಎಡವಟ್ಟುಗಳೆಲ್ಲ ಹುಟ್ಟುವುದೂ ಇವುಗಳಿಂದಲೇ.

ಬಿಗ್ ಬೋರ್ಡ್ ಮಾಡುವವರು ಹೊರಗಿನವರು. ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ಆಟಗಾರರ ಪರೀಕ್ಷಾ ಶಿಬಿರದಲ್ಲಿ, ನಡೆಯುವ ವೈದ್ಯಕೀಯ ತಪಾಸಣೆಯ ವಿವರವಾಗಲಿ, ಆಟಗಾರನನ್ನು ಕೂರಿಸಿಕೊಂಡು ಕೋಚ್‌ಗಳು ನಡೆಸುವ ಸಂದರ್ಶನದ ಸಾರವಾಗಲಿ ಅವರಿಗೆ ಪೂರ್ತಿ ಸಿಗುವುದಿಲ್ಲ. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಮಾಲಿಕ್ ವಿಲ್ಲಿಸ್ ಮೊದಲ ರೌಂಡಿನಲ್ಲೇ ಹೋಗುತ್ತಾರೆ ಎಂದು ಎಷ್ಟೋ ಮಾಕ್‌ಗಳು ಹೇಳಿದ್ದವು. ಅವರು ಹೋದದ್ದು 86ನೇ ಪಿಕ್‌ನಲ್ಲಿ. 2025ರಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಶೆಡ್ಯೂರ್ ಸ್ಯಾಂಡರ್ಸ್ ಐದನೇ ರೌಂಡಿಗೆ, 144ನೇ ಪಿಕ್‌ವರೆಗೆ ಜಾರಿದರು. ಕ್ವಾರ್ಟರ್‌ಬ್ಯಾಕ್‌ಗಳ ವಿಷಯದಲ್ಲಿ ಬೋರ್ಡ್ ಹೀಗೆ ಕೈಕೊಡುವುದು ಹೆಚ್ಚು. ಉಳಿದ ಸ್ಥಾನದವರು ಹತ್ತಿಪ್ಪತ್ತು ಪಿಕ್ ಕೆಳಗಿಳಿಯಬಹುದು. ಆದರೆ ಕ್ವಾರ್ಟರ್‌ಬ್ಯಾಕ್‌ನನ್ನು ‘ಇವನೇ ನಮ್ಮ ಮುಂದಿನ ನಾಯಕ’ ಎಂದು ಯಾವ ತಂಡವೂ ನಂಬದಿದ್ದರೆ, ಆತನ ಪತನಕ್ಕೆ ತಡೆಯೇ ಇರುವುದಿಲ್ಲ.

ಕೊರತೆ ಪಟ್ಟಿಯದು ಇನ್ನೊಂದು ತೊಂದರೆ. ಅಟ್ಲಾಂಟಾ ಫಾಲ್ಕನ್ಸ್ 2024ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಜೊತೆ 4 ವರ್ಷಕ್ಕೆ 18 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು, ಮರುತಿಂಗಳೇ 8ನೇ ಪಿಕ್‌ನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ಅವರನ್ನು ಆರಿಸಿತು. ಕ್ವಾರ್ಟರ್‌ಬ್ಯಾಕ್ ಕೊರತೆ ಇಲ್ಲ ಎಂದು ಗುರುತು ಹಾಕಿದ ತಂಡದಿಂದ ಕಂಪ್ಯೂಟರ್ ಇಂಥ ಆಯ್ಕೆ ಮಾಡಿಸುವುದೇ ಕಷ್ಟ. ಆ ವರ್ಷ ಮೊದಲ 12 ಪಿಕ್‌ಗಳಲ್ಲಿ 6 ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಡಿಫೆನ್ಸ್‌ನ ಮೊದಲ ಆಟಗಾರ ಲಾಯಾಟು ಲಾಟು ಹೋದದ್ದು 15ನೇ ಪಿಕ್‌ನಲ್ಲಿ. ಇದರ ಅರ್ಥ, ಮೊದಲ ಹತ್ತರ ಆಸುಪಾಸಿನಲ್ಲಿ ಪಿಕ್ ಇರುವ ತಂಡದ ಅಭಿಮಾನಿಗೆ ಸಿಮ್ಯುಲೇಟರ್ ತೋರಿಸುವುದಕ್ಕಿಂತ ಒಳ್ಳೆಯ ಡಿಫೆಂಡರ್ ನಿಜವಾದ ಡ್ರಾಫ್ಟ್‌ನಲ್ಲಿ ಸಿಗಬಹುದು.

ಅತಿ ಹೆಚ್ಚು ದಾರಿ ತಪ್ಪಿಸುವುದು ಟ್ರೇಡ್ ಭಾಗ, ಅಂದರೆ ತಂಡಗಳು ತಮ್ಮ ಪಿಕ್‌ಗಳನ್ನು ಅದಲುಬದಲು ಮಾಡಿಕೊಳ್ಳುವುದು. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಬಳಸಿದ, ಆಗಿನ ಕೋಚ್ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಪ್ರಸಿದ್ಧವಾದ ಚಾರ್ಟ್ ಇಂದಿಗೂ ಇಂಥ ಲೆಕ್ಕಗಳ ಮೂಲ. ಅದರಲ್ಲಿ 1ನೇ ಪಿಕ್‌ಗೆ 3,000 ಅಂಕ, 5ಕ್ಕೆ 1,700, 10ಕ್ಕೆ 1,300, 32ಕ್ಕೆ 590. ನಿಜವಾದ ವ್ಯವಹಾರಕ್ಕೆ ಇದು ಎಷ್ಟು ಹತ್ತಿರ ಬರುತ್ತದೆ ಎಂದು ನೋಡಲು 2023ರ ಡೆಟ್ರಾಯಿಟ್ ಲಯನ್ಸ್ ಉದಾಹರಣೆ ಸಾಕು. ಅವರು ಅರಿಜೋನಾಗೆ 6 ಮತ್ತು 81ನೇ ಪಿಕ್ ಕೊಟ್ಟು 12, 34, 168 ತಗೊಂಡರು. ಕೊಟ್ಟದ್ದು 1,600 ಮತ್ತು 185, ಒಟ್ಟು 1,785. ಪಡೆದದ್ದು 1,200, 560, 24.2, ಒಟ್ಟು 1,784.2. ಒಂದು ಅಂಕದ ವ್ಯತ್ಯಾಸವೂ ಇಲ್ಲ! ಆ 12ನೇ ಪಿಕ್‌ನಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜಾಮಿರ್ ಗಿಬ್ಸ್ ಬಂದರು, ‘ಇಷ್ಟು ಬೇಗ ರನ್ನಿಂಗ್ ಬ್ಯಾಕ್ ಯಾಕೆ’ ಎಂದು ಟೀಕೆ ಸುರಿಯಿತು. 34ರಲ್ಲಿ ಟೈಟ್ ಎಂಡ್ ಸ್ಯಾಮ್ ಲಾಪೋರ್ಟಾ ಬಂದರು. ಇಬ್ಬರನ್ನೂ ಸೇರಿಸಿ ನೋಡದೆ ಆ ಪಿಕ್ ಸರಿಯೋ ತಪ್ಪೋ ಎಂದು ಹೇಳಲಾಗದು.

ಕ್ವಾರ್ಟರ್‌ಬ್ಯಾಕ್‌ಗಾಗಿ ಮೇಲೇರುವಾಗ ಮಾತ್ರ ಚಾರ್ಟ್ ಲೆಕ್ಕಕ್ಕೆ ಬರುವುದಿಲ್ಲ. 2021ರಲ್ಲಿ 12ರಿಂದ 3ಕ್ಕೆ ಏರಲು ಸ್ಯಾನ್ ಫ್ರಾನ್ಸಿಸ್ಕೊ ತುಂಬಬೇಕಿದ್ದ ಅಂತರ 1,000 ಅಂಕ, ಅಂದರೆ 16ನೇ ಪಿಕ್‌ನ ಬೆಲೆ. ಅವರು ತೆತ್ತದ್ದು ಮುಂದಿನ ಎರಡು ವರ್ಷದ ಮೊದಲ ರೌಂಡ್ ಪಿಕ್‌ಗಳು, ಮೇಲೆ ಒಂದು ಮೂರನೇ ರೌಂಡ್. ಅಂಕ ಸಮವಾದರೆ ಸಾಕು ಎಂದು ಒಪ್ಪಿಕೊಳ್ಳುವ ಸಿಮ್ಯುಲೇಟರಿನಲ್ಲಿ ಇದೇ ಏರಿಕೆ ಅಗ್ಗಕ್ಕೆ ಸಿಕ್ಕಿಬಿಡುತ್ತದೆ. ಹಾಗಾಗಿ ಕೆಳಗಿಳಿದು ಕೆಳಗಿಳಿದು ಎರಡನೇ ರೌಂಡಿನಲ್ಲಿ ನಾಲ್ಕು ಪಿಕ್ ಕೂಡಿಸಿದ ಮಾಕ್ ಯಾರಾದರೂ ತೋರಿಸಿದರೆ ಅದನ್ನು ವಾದಕ್ಕೆ ಸಾಕ್ಷಿಯಾಗಿ ಒಪ್ಪಬೇಡಿ. ಟ್ರೇಡ್ ಸೌಲಭ್ಯಕ್ಕೆ ಬೇರೆ ದುಡ್ಡು ಕೇಳಿದರೆ ಕೊಡುವ ಅಗತ್ಯವೂ ಇಲ್ಲ.

ಸರಿಯಾಗಿ ಬಳಸುವ ಕ್ರಮ ಇದು. ಟ್ರೇಡ್ ಪೂರ್ತಿ ಆಫ್ ಮಾಡಿ. ಒಂದೇ ರೌಂಡ್ ಓಡಿಸಬೇಡಿ, ಕಡೇಪಕ್ಷ ಮೂರು ಓಡಿಸಿ. ಆ ಸೈಟಿನವರ ಸ್ವಂತ ಬೋರ್ಡ್‌ಗಿಂತ ಹಲವರ ಪಟ್ಟಿ ಸೇರಿಸಿ ಮಾಡಿದ ಕನ್ಸೆನ್ಸಸ್ ಬೋರ್ಡ್ ಇದ್ದರೆ ಅದನ್ನೇ ಆರಿಸಿ. ಏರುಪೇರಿನ ಮಟ್ಟ ನಡುವೆ ಇರಲಿ: ತೀರಾ ಕಡಿಮೆಯಾದರೆ ಪ್ರತಿ ಸಲ ಅದೇ ಡ್ರಾಫ್ಟ್, ತೀರಾ ಹೆಚ್ಚಾದರೆ ಮೊದಲ ಐದರಲ್ಲಿ ಹೋಗಬೇಕಾದವನು 25ರಲ್ಲೂ ಸಿಗುತ್ತಾನೆ. ಮಾರ್ಚ್ ಮಧ್ಯದಲ್ಲಿ ಫ್ರೀ ಏಜೆನ್ಸಿ, ಅಂದರೆ ಒಪ್ಪಂದ ಮುಗಿದ ಆಟಗಾರರು ಬೇರೆ ತಂಡ ಸೇರಬಹುದಾದ ಕಾಲ, ಶುರುವಾಗುತ್ತದೆ. ಅದಕ್ಕೂ ಮುಂಚಿನ ಕೊರತೆ ಪಟ್ಟಿಗೆ ಬೆಲೆಯಿಲ್ಲ, ಬದಲಿಸಲು ಅವಕಾಶವಿದ್ದರೆ ನಿಮ್ಮ ತಂಡದ್ದನ್ನಾದರೂ ಸರಿಪಡಿಸಿಕೊಳ್ಳಿ.

ಆಮೇಲೆ ಎರಡು ಕವಲು ಮಾಡಿ. ಮೊದಲ ಪಿಕ್‌ನಲ್ಲಿ ಟ್ಯಾಕಲ್ ತಗೊಂಡು 20 ಸಲ ಓಡಿಸಿ. ಪ್ರತಿ ಸಲ ನಿಮ್ಮ ಎರಡನೇ ಪಿಕ್ ಬಂದಾಗ ನಿಮಗೆ ಒಪ್ಪಿಗೆಯಾಗುವ ಎಡ್ಜ್ ರಷರ್‌ಗಳು ಎಷ್ಟು ಜನ ಉಳಿದಿದ್ದಾರೆ ಎಂದು ಬರೆದಿಡಿ. ಇನ್ನು ಮೊದಲು ಎಡ್ಜ್ ತಗೊಂಡು 20 ಸಲ, ಟ್ಯಾಕಲ್‌ಗಳನ್ನು ಎಣಿಸಿ. ಒಂದು ಕಡೆ 17 ಸಲ ಯಾರಾದರೂ ಉಳಿದು, ಇನ್ನೊಂದು ಕಡೆ 5 ಸಲ ಮಾತ್ರ ಉಳಿದರೆ, ಮೊದಲು ತಗೊಳ್ಳಬೇಕಾದದ್ದು ಬೇಗ ಖಾಲಿಯಾಗುವ ಸ್ಥಾನವನ್ನು. ‘ಒಪ್ಪಿಗೆಯಾಗುವವರು’ ಯಾರು ಎಂಬುದನ್ನು ಓಡಿಸುವ ಮೊದಲೇ ಹೆಸರು ಹಿಡಿದು ಬರೆದಿಟ್ಟುಕೊಳ್ಳಬೇಕು, ಇಲ್ಲವಾದರೆ ಎಣಿಕೆ ನಮಗೆ ಬೇಕಾದ ಕಡೆಗೆ ವಾಲುತ್ತದೆ.

ಸಂಬಳದ ಲೆಕ್ಕವನ್ನು ನಾವೇ ಸೇರಿಸಿಕೊಳ್ಳಬೇಕು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಹೊಸ ಆಟಗಾರನ ಸಂಬಳ ಆತ ಆಡುವ ಸ್ಥಾನದ ಮೇಲಲ್ಲ, ಪಿಕ್ ಸಂಖ್ಯೆಯ ಮೇಲೆ ನಿಂತಿದೆ. 10ನೇ ಪಿಕ್‌ನ ಗಾರ್ಡ್‌ಗೂ ಎಡ್ಜ್ ರಷರ್‌ಗೂ ಹೆಚ್ಚುಕಡಿಮೆ ಅಷ್ಟೇ ದುಡ್ಡು. ಆದರೆ ಅದೇ ಎಡ್ಜ್ ರಷರ್ ಫ್ರೀ ಏಜೆಂಟ್ ಆಗಿ ಬಂದರೆ ಬೆಲೆ ಎಷ್ಟೋ ಪಟ್ಟು ಮೇಲೆ. ಮೊದಲ ರೌಂಡಿನವರಿಗೆ ಐದನೇ ವರ್ಷದ ಆಪ್ಷನ್ ಕೂಡ ಉಂಟು, ಅಂದರೆ ತಂಡ ಬಯಸಿದರೆ ಅವರ ನಾಲ್ಕು ವರ್ಷದ ಒಪ್ಪಂದವನ್ನು ಇನ್ನೊಂದು ವರ್ಷ ಮುಂದುವರಿಸಬಹುದು. ಚಾರ್ಟ್‌ನಲ್ಲಿ 32ಕ್ಕೂ 33ಕ್ಕೂ ಇರುವ ಅಂತರ ಬರೀ 10 ಅಂಕ, ಆದರೆ ಆ ಆಪ್ಷನ್ ಸಿಗುವುದು 32ರವರೆಗೆ ಮಾತ್ರ. 2018ರಲ್ಲಿ ಬಾಲ್ಟಿಮೋರ್ 32ನೇ ಪಿಕ್‌ಗೆ ಏರಿ ಕ್ವಾರ್ಟರ್‌ಬ್ಯಾಕ್ ಲಾಮಾರ್ ಜಾಕ್ಸನ್ ಅವರನ್ನು ಹಿಡಿದಾಗ ಆ ಹೆಚ್ಚುವರಿ ವರ್ಷವೂ ಜೊತೆಗೆ ಬಂತು.

ಕೊನೆಯಲ್ಲಿ ತೆರೆಯ ಮೇಲೆ ಮೂಡುವ ಗ್ರೇಡನ್ನು ಲೆಕ್ಕಕ್ಕೇ ತಗೊಳ್ಳಬೇಡಿ. ತನ್ನ ಬೋರ್ಡ್‌ನಲ್ಲಿ 20ನೇ ಸ್ಥಾನದಲ್ಲಿದ್ದವನನ್ನು ನೀವು 30ರಲ್ಲಿ ತಗೊಂಡರೆ ‘ಎ’, 12ರಲ್ಲಿ ತಗೊಂಡರೆ ‘ಸಿ’. ಅದು ಅಳೆಯುವುದು ಹೆಚ್ಚುಪಾಲು ಇಷ್ಟನ್ನೇ. ಉಚಿತ ಆವೃತ್ತಿ, ಮೂರು ರೌಂಡ್, ಪಕ್ಕದಲ್ಲೊಂದು ಎಣಿಕೆಯ ಹಾಳೆ ಇದ್ದರೆ ಈ ಸಾಧನದಿಂದ ಸಿಗಬೇಕಾದದ್ದೆಲ್ಲ ಸಿಗುತ್ತದೆ. ಡ್ರಾಫ್ಟ್ ವಾರದಲ್ಲಿ ಬೋರ್ಡ್‌ಗಳು ಮತ್ತೆ ಬದಲಾಗುವುದರಿಂದ ಆಗ ಎಣಿಕೆಯನ್ನು ಹೊಸದಾಗಿ ಮಾಡಿಕೊಳ್ಳಬೇಕು.