ಅಂಗವಿಕಲರ ಮಾಸಾಶನ: ಅರ್ಜಿ ಸಲೀಸು, ಆದಾಯ ಮಿತಿಯೇ ತೊಡಕು

ಕಲಬುರಗಿ ಜಿಲ್ಲೆಯಲ್ಲಿ ಮಾಸಾಶನಕ್ಕೆ ಅರ್ಜಿ ಹಾಕುವುದು ಈಗ ದೊಡ್ಡ ಕೆಲಸವೇನಲ್ಲ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋದರಾಯಿತು. ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಜೊತೆಗಿದ್ದರೆ ಓಡಾಟ ಕಡಿಮೆ. ಸ್ವೀಕೃತಿ ಚೀಟಿ ಪಡೆಯದೆ ಹೊರಬರಬೇಡಿ. ಮಂಜೂರಾದರೂ ರೊಕ್ಕ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು. ಕೊನೆಗೆ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಸಿಮ್ ಕೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಅದಾಗಿರಬಹುದು.

ಮೊತ್ತದ ಮಾತಿಗೆ ಬಂದರೆ ಸಮಾಧಾನವಿಲ್ಲ. 2021ರ ಏರಿಕೆಯಲ್ಲಿ ಶೇ 40ರಿಂದ 75ರ ನಡುವಿನ ಅಂಗವೈಕಲ್ಯಕ್ಕೆ ₹800 ನಿಗದಿಯಾಯಿತು, ಅದಕ್ಕೂ ಹೆಚ್ಚಿದ್ದರೆ ₹1,400. ಅದೇ ವರ್ಷ ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನ ₹1,200 ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಂ ಇತರರ ಇಂಥದೇ ಯೋಜನೆಗಿಂತ ಕನಿಷ್ಠ ಶೇ 25 ಹೆಚ್ಚು ಕೊಡಬೇಕು ಎನ್ನುತ್ತದೆ. ಆ ಲೆಕ್ಕಕ್ಕೆ ₹1,500 ಆಗಬೇಕಿತ್ತು. ₹800 ಎಲ್ಲಿ, ₹1,500 ಎಲ್ಲಿ!

ನಿಜವಾದ ತೊಡಕು ಆದಾಯ ಮಿತಿ. ವರ್ಷಕ್ಕೆ ₹32,000, ಅದೂ ಇಡೀ ಕುಟುಂಬದ್ದು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ ₹370 ಇತ್ತು. ಮನೆಯವರೆಲ್ಲ ಸೇರಿ ನೂರು ದಿನ ದುಡಿದರೆ ₹37,000. ಸರ್ಕಾರವೇ ಕೊಟ್ಟ ಕೂಲಿ ಸರ್ಕಾರದ್ದೇ ಮಿತಿಯನ್ನು ದಾಟಿತು! ಮಿತಿ ದಾಟಿದರೆ ಮಾಸಾಶನ ಹಂತಹಂತವಾಗಿ ಇಳಿಯುವುದಿಲ್ಲ, ಪೂರ್ತಿ ಅರ್ಹತೆಯೇ ಹೋಗುತ್ತದೆ. ಹಾಗಾಗಿ ಪ್ರಮಾಣಪತ್ರದಲ್ಲಿ ಆದಾಯ ಕಡಿಮೆ ಬರೆಸುವ ರೂಢಿ. ಮುಂದೆ ಮಗನ ಹಾಸ್ಟೆಲ್‌ಗೋ ಸಾಲಕ್ಕೋ ಪಡೆದ ಹೊಸ ಪತ್ರದಲ್ಲಿ ಬೇರೆ ಅಂಕಿ ಬಿದ್ದರೆ ಅದೇ ಕುತ್ತು.

ಈ ಭಯದ ಲಾಭ ಮಾಲೀಕರಿಗೆ. ದಾಲ್ ಮಿಲ್ಲಿನಲ್ಲಿ ಚೀಲ ಹೊಲಿಯುವವನಿಗೆ 'ನಿನಗ ಪಿಂಚಣಿ ಬರ್ತದಲ್ಲ' ಎಂದು ಕೂಲಿ ಮುರಿಯುವುದು, ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದೆ ಕೈಗೆ ನಗದು ಕೊಡುವುದು ಹೀಗೇ ಶುರುವಾಗುತ್ತದೆ. ಕನಿಷ್ಠ ವೇತನದಲ್ಲಿ ಮಾಸಾಶನವನ್ನು ಕಳೆಯಲು ಯಾವ ಅವಕಾಶವೂ ಇಲ್ಲ. ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಪಿಎಫ್ ಇಲ್ಲ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇಲ್ಲ. ಇಎಸ್‌ಐ ವೇತನ ಮಿತಿ ಉಳಿದವರಿಗೆ ₹21,000 ಇದ್ದರೆ ಅಂಗವಿಕಲರಿಗೆ ₹25,000. ತಿಂಗಳಿಗೆ ₹800 ಉಳಿಸಿಕೊಳ್ಳಲು ಹೋಗಿ ಆ ಆಸ್ಪತ್ರೆ ಸೌಲಭ್ಯ ಬಿಡುವುದು ನಷ್ಟದ ವ್ಯಾಪಾರ. ಕಾಯಂ ಕೆಲಸ ಸಿಗುವಂತಿದ್ದರೆ ಹಾಜರಿ ಪುಸ್ತಕಕ್ಕೆ ಹೆಸರು ಹಾಕಿಸಿಕೊಳ್ಳುವುದೇ ಮೇಲು.